ಮೊಟ್ಟೆಯೊಳಗಿನ ಲೆಕ್ಕ: ಪೊಕೆಮಾನ್ ಬ್ರೀಡಿಂಗ್‌ನ ಗುಟ್ಟನ್ನು ಆಟಗಾರರು ಬಿಡಿಸಿದ ಬಗೆ

ಪೊಕೆಮಾನ್ ಆಟಗಳಲ್ಲಿ ಡೇ ಕೇರ್ ನೋಡಿಕೊಳ್ಳುವ ಒಬ್ಬ ಅಜ್ಜ ಇರುತ್ತಾನೆ. ಎರಡು ಪೊಕೆಮಾನ್‌ಗಳನ್ನು ಅವನಿಗೆ ಒಪ್ಪಿಸಿ, ಸ್ವಲ್ಪ ಅಡ್ಡಾಡಿ ಬಂದು ವಿಚಾರಿಸಿದರೆ ಒಂದು ಮಾತು ಹೇಳುತ್ತಾನೆ. ಎರಡೂ ತುಂಬಾ ಚೆನ್ನಾಗಿ ಹೊಂದಿಕೊಂಡಿವೆ ಅನ್ನಬಹುದು. ಬರೀ ಹೊಂದಿಕೊಂಡಿವೆ ಅನ್ನಬಹುದು. ಒಂದನ್ನು ಕಂಡರೆ ಇನ್ನೊಂದಕ್ಕೆ ಅಷ್ಟಕ್ಕಷ್ಟೆ ಅನ್ನಬಹುದು. ಆಟ ಅದಕ್ಕಿಂತ ಜಾಸ್ತಿ ಬಾಯಿ ಬಿಡುವುದಿಲ್ಲ.

2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಳಿಂದ ಈಚೆಗೆ ಈ ಮೂರು ಮಾತಿನ ಹಿಂದೆ ಮೂರು ಅಂಕಿ ಕೂತಿವೆ: 70, 50, 20. ಆ ಆಟಗಳಲ್ಲಿ ಆಟಗಾರ ಪ್ರತಿ 256 ಹೆಜ್ಜೆ ನಡೆದಾಗ ಆಟ ಒಳಗೊಳಗೇ ಒಂದು ಚೀಟಿ ಎತ್ತುತ್ತದೆ. ಅದರಲ್ಲಿ ಮೊಟ್ಟೆ ಬರುವ ಸಾಧ್ಯತೆ ನೂರಕ್ಕೆ ಎಷ್ಟು ಅನ್ನುವುದೇ ಆ ಅಂಕಿ. ಎರಡೂ ಒಂದೇ ಜಾತಿಯವಾಗಿ, ಬೇರೆ ಬೇರೆ ಆಟಗಾರರು ಹಿಡಿದವಾಗಿದ್ದರೆ 70. ಜಾತಿ ಒಂದೇ, ಹಿಡಿದವರೂ ಒಬ್ಬರೇ ಆದರೆ 50. ಜಾತಿ ಬೇರೆ, ಹಿಡಿದವರೂ ಬೇರೆ ಆದರೆ ಅದೂ 50. ಜಾತಿ ಬೇರೆ, ಹಿಡಿದವರು ಒಬ್ಬರೇ ಆದರೆ 20.

ಅಜ್ಜನ ಮಾತಿನಿಂದ ಈ ಅಂಕಿಗೆ ಹೋಗುವ ದಾರಿ ಆಟದ ಕೈಪಿಡಿಯಲ್ಲಿ ಇರಲಿಲ್ಲ. ಅದನ್ನು ಆಟಗಾರರೇ ತೋಡಿಕೊಂಡರು. ಇಪ್ಪತ್ತು ವರ್ಷಕ್ಕೂ ಮೀರಿ ನಡೆದ ಈ ಕೆಲಸ ಸುಮ್ನೆ ಹುಚ್ಚಿನಂತೆ ಕಾಣಬಹುದು. ಆದರೆ ಒಳಹೊಕ್ಕು ನೋಡಿದರೆ ಒಳ್ಳೆಯ ಪ್ರಯೋಗ ಹೇಗಿರಬೇಕು ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಪ್ರತಿ ಮೊಟ್ಟೆಯೂ ಆಟಕ್ಕೆ ಹಾಕುವ ಒಂದು ಪ್ರಶ್ನೆ. ಪ್ರಶ್ನೆ ಸಡಿಲವಾಗಿದ್ದರೆ ಸಾವಿರ ಮೊಟ್ಟೆ ಒಡೆಸಿದರೂ ಏನೂ ತಿಳಿಯುವುದಿಲ್ಲ. ಬಿಗಿಯಾಗಿದ್ದರೆ ಹತ್ತು ಮೊಟ್ಟೆಯಲ್ಲಿ ಕೆಲಸ ಮುಗಿಯುತ್ತದೆ.

ಪೊಕೆಮಾನ್ ಅಂದರೆ ಟಿವಿಯ ಕಾರ್ಟೂನ್ ಅಥವಾ ಮೊಬೈಲಿನ ಪೊಕೆಮಾನ್ ಗೋ ಅಂತ ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಗೋ ಆಟದಲ್ಲಿ ಮೊಟ್ಟೆ ಇದೆ, ಬ್ರೀಡಿಂಗ್ ಇಲ್ಲ, ಅಂದರೆ ಎರಡು ಪೊಕೆಮಾನ್ ಜೋಡಿ ಮಾಡಿ ಮರಿ ಪಡೆಯುವುದು ಇಲ್ಲ. ಇಲ್ಲಿ ಹೇಳುತ್ತಿರುವುದು ಜಪಾನಿನ ಗೇಮ್ ಫ್ರೀಕ್ ಕಂಪನಿ ನಿಂಟೆಂಡೊ ಯಂತ್ರಗಳಿಗಾಗಿ ಮಾಡುವ ಮುಖ್ಯ ಆಟಗಳ ಬಗ್ಗೆ. ಬ್ರೀಡಿಂಗ್ ಅಲ್ಲಿಗೆ ಬಂದಿದ್ದು 1999ರ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ. ಗಂಡು ಒಂದು, ಹೆಣ್ಣು ಒಂದು, ಎರಡಕ್ಕೂ ಹೊಂದುವ ಗುಂಪು. ಇಲ್ಲವಾದರೆ ಹೆಚ್ಚುಕಡಿಮೆ ಯಾರ ಜೊತೆ ಬೇಕಾದರೂ ಜೋಡಿಯಾಗುವ ಡಿಟ್ಟೊ ಅನ್ನುವ ಗುಲಾಬಿ ಬಣ್ಣದ ಲೋಳೆಯಂಥ ಪ್ರಾಣಿ. ಮೊಟ್ಟೆ ಸಿಕ್ಕ ಮೇಲೆ ಅದನ್ನು ಜೊತೆಯಲ್ಲಿಟ್ಟುಕೊಂಡು ನಡೆಯಬೇಕು. ಮ್ಯಾಜಿಕಾರ್ಪ್ ಎಂಬ ಮೀನಿಗೆ ಸುಮಾರು 1,280 ಹೆಜ್ಜೆ ಸಾಕು. ಡ್ರಾಟಿನಿಗೆ ಹತ್ತು ಸಾವಿರಕ್ಕೂ ಮೇಲೆ ಬೇಕು. ಮ್ಯಾಜಿಕಾರ್ಪ್ ಯುದ್ಧದಲ್ಲಿ ಯಾವ ಕೆಲಸಕ್ಕೂ ಬಾರದ ಮೀನು ಅಂತ ಹೆಸರುವಾಸಿ. ಸಂಶೋಧನೆಯಲ್ಲಿ ಮಾತ್ರ ಅದಕ್ಕೆ ಸಾಟಿ ಇಲ್ಲ. ಅದರ ಕತೆ ಮುಂದೆ ಬರುತ್ತದೆ.

ಕಾಣದ ಅಂಕಿಗಳು

ಪ್ರತಿ ಪೊಕೆಮಾನ್‌ಗೂ ಆರು ಶಕ್ತಿಗಳಿವೆ: ಎಚ್‌ಪಿ, ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್. ಒಂದೇ ಜಾತಿಯ ಎರಡು ಪೊಕೆಮಾನ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಚುರುಕಾಗಿರುತ್ತದೆ. ಯಾಕೆಂದರೆ ಹುಟ್ಟುವಾಗಲೇ ಪ್ರತಿ ಶಕ್ತಿಗೂ 0ಯಿಂದ 31ರ ನಡುವಿನ ಒಂದು ಗುಪ್ತ ಅಂಕಿ ಬಿದ್ದಿರುತ್ತದೆ. ಆಟಗಾರರ ಬಾಯಲ್ಲಿ ಅದು ಐವಿ. 31 ಅಂದರೆ ಪರ್ಫೆಕ್ಟ್. ಇದರ ಜೊತೆಗೆ ನೇಚರ್ ಅಂತ 25 ಬಗೆಯ ಸ್ವಭಾವಗಳು. ಅವುಗಳಲ್ಲಿ ಹೆಚ್ಚಿನವು ಒಂದು ಶಕ್ತಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ನೇಚರ್ ಪರದೆಯ ಮೇಲೆ ಕಾಣುತ್ತದೆ. ಐವಿ ಕಾಣುವುದಿಲ್ಲ.

ಕಾಣದೆ ಇರುವುದನ್ನು ಅಳೆಯುವುದು ಹೇಗೆ? ಶಕ್ತಿ ಲೆಕ್ಕ ಹಾಕುವ ಸೂತ್ರ ಆಟಗಾರರಿಗೆ ಗೊತ್ತಿತ್ತು. ಜಾತಿಯ ಮೂಲ ಅಂಕಿಯನ್ನು ಎರಡರಿಂದ ಗುಣಿಸಿ, ಐವಿ ಕೂಡಿಸಿ, ಲೆವೆಲ್‌ನಿಂದ ಗುಣಿಸಿ, ನೂರರಿಂದ ಭಾಗಿಸಿ, ಶೇಷ ಬಿಟ್ಟು, ಐದು ಕೂಡಿಸಬೇಕು. ತರಬೇತಿ ಪಡೆಯದ, ನೇಚರ್‌ನ ಪರಿಣಾಮವಿಲ್ಲದ ಪೊಕೆಮಾನ್‌ಗೆ ಇಷ್ಟೇ. ಎಚ್‌ಪಿಯ ಸೂತ್ರ ಸ್ವಲ್ಪ ಬೇರೆ. ಸೂತ್ರವನ್ನು ತಿರುಗಿಸಿದರೆ ಐವಿ ಸಿಗಬೇಕು, ಅಲ್ವಾ?

ಸಿಗುವುದಿಲ್ಲ. ಗಿಬಲ್ ಅನ್ನುವ ಪೊಕೆಮಾನ್ ನೋಡಿ. ಅದರ ಅಟ್ಯಾಕ್‌ನ ಮೂಲ ಅಂಕಿ 70. ಎರಡರಿಂದ ಗುಣಿಸಿದರೆ 140. ಐವಿ ಸೊನ್ನೆಯಾದರೆ 140, 31 ಆದರೆ 171. ಲೆವೆಲ್ 1ರಲ್ಲಿ ನೂರರಿಂದ ಭಾಗಿಸಿ ಶೇಷ ಬಿಟ್ಟರೆ ಎರಡೂ 1. ಐದು ಕೂಡಿಸಿದರೆ 6. ಅಂದರೆ ಮೊಟ್ಟೆಯಿಂದ ಆಗತಾನೆ ಬಂದ ಗಿಬಲ್ ಮರಿಯ ಅಟ್ಯಾಕ್ ಯಾವಾಗಲೂ 6. ಅದು ಜಗತ್ತಿನ ಅತಿ ಬಲಶಾಲಿ ಗಿಬಲ್ ಆಗಿದ್ದರೂ 6, ಅತಿ ಬಡಕಲು ಗಿಬಲ್ ಆಗಿದ್ದರೂ 6. ಲೆವೆಲ್ 50ಕ್ಕೆ ಬೆಳೆಸಿದರೆ ಐವಿಯ ಪಕ್ಕಪಕ್ಕದ ಎರಡು ಅಂಕಿ ಒಂದೇ ಫಲ ಕೊಡುತ್ತವೆ. ಲೆವೆಲ್ 100ರಲ್ಲಿ ಮಾತ್ರ 145ರಿಂದ 176ರವರೆಗೆ ಪ್ರತಿ ಐವಿಗೂ ಒಂದೊಂದು ಅಂಕಿ ಸಿಗುತ್ತದೆ.

ಆದ್ದರಿಂದ ಶುರುವಿನ ಸಂಶೋಧಕರು ಒಂದೊಂದು ಮರಿಯನ್ನೂ ಬೆಳೆಸಿ ನೋಡಬೇಕಿತ್ತು. ಮುಂದೆ ಪ್ಲಾಟಿನಂ ಆಟದಲ್ಲಿ ಐವಿಯ ಸುಳಿವು ಕೊಡುವ ಒಬ್ಬ ತೀರ್ಪುಗಾರ ಬಂದ. 2016ರ ಸನ್ ಮತ್ತು ಮೂನ್‌ನಲ್ಲಿ 20 ಮೊಟ್ಟೆ ಒಡೆಸಿದವರಿಗೆ ಆ ಸೌಲಭ್ಯ ಕೈಯಲ್ಲೇ ಸಿಕ್ಕಿತು. ಅಳತೆಗೋಲು ಒಳ್ಳೆಯದಾದಷ್ಟೂ ಪ್ರಯೋಗ ಸುಲಭವಾಯಿತು.

ಹೊಳೆಯುವ ಮೀನಿನ ಮಗಳು

ಗೋಲ್ಡ್ ಮತ್ತು ಸಿಲ್ವರ್ ಕಾಲದ ವ್ಯವಸ್ಥೆ ಹಳೆಯದು, ಆದರೆ ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿ ಗುಪ್ತ ಅಂಕಿಗಳು 0ಯಿಂದ 15. ಅಟ್ಯಾಕ್, ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಅಂತ ನಾಲ್ಕು. ಎಚ್‌ಪಿಯ ಅಂಕಿ ಈ ನಾಲ್ಕರಿಂದಲೇ ಹುಟ್ಟುತ್ತದೆ. ಪೊಕೆಮಾನ್ ಗಂಡೋ ಹೆಣ್ಣೋ ಅನ್ನುವುದೂ ಈ ಅಂಕಿಗಳಿಂದಲೇ. ಬಣ್ಣ ಬೇರೆಯಾದ ಅಪರೂಪದ ಶೈನಿಯೋ ಅಲ್ಲವೋ ಅನ್ನುವುದೂ ಇವುಗಳಿಂದಲೇ.

ಶೈನಿ ಆಗಬೇಕಾದರೆ ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಮೂರೂ ಸರಿಯಾಗಿ 10 ಇರಬೇಕು. ಅಟ್ಯಾಕ್ 2, 3, 6, 7, 10, 11, 14, 15 ಇವುಗಳಲ್ಲಿ ಒಂದಾಗಿರಬೇಕು. ಒಟ್ಟು 65,536 ಜೋಡಣೆಗಳಲ್ಲಿ ಎಂಟು ಮಾತ್ರ. ಅಂದರೆ 8,192ರಲ್ಲಿ ಒಂದು.

ಆ ಆಟದ ಕತೆಯಲ್ಲೇ ಎಲ್ಲರಿಗೂ ಒಂದು ಶೈನಿ ಎದುರಾಗುತ್ತದೆ. ಲೇಕ್ ಆಫ್ ರೇಜ್ ಅನ್ನುವ ಕೆರೆಯಲ್ಲಿ ಕೆಂಪು ಗ್ಯಾರಡೋಸ್, ಮ್ಯಾಜಿಕಾರ್ಪ್ ಬೆಳೆದ ರೂಪ. ಅದನ್ನು ಹಿಡಿದು ಬ್ರೀಡಿಂಗ್‌ಗೆ ಹಾಕಿದವರ ಬುಟ್ಟಿಗೆ ಶೈನಿ ಮರಿಗಳು ಲೆಕ್ಕ ಮೀರಿ ಬೀಳತೊಡಗಿದವು. ಕಾರಣ ಹೀಗೆ. ಮರಿಯ ಡಿಫೆನ್ಸ್ ಅಂಕಿ ಎದುರು ಲಿಂಗದ ಪೋಷಕರಿಂದ ಹಾಗೇ ಇಳಿಯುತ್ತದೆ. ಸ್ಪೆಷಲ್ ಕೂಡ ಅಲ್ಲಿಂದಲೇ, ಆದರೆ ಅರ್ಧ ಸಲ ಹಾಗೇ, ಇನ್ನರ್ಧ ಸಲ ಎಂಟರ ವ್ಯತ್ಯಾಸದಲ್ಲಿ. ಹಾಗಾಗಿ ಶೈನಿ ಗಂಡಿನ ಹೆಣ್ಣು ಮರಿಗೆ ಡಿಫೆನ್ಸ್ 10 ಖಚಿತ. ಸ್ಪೆಷಲ್ 10 ಬರುವುದು ಎರಡರಲ್ಲಿ ಒಂದು ಸಲ. ಸ್ಪೀಡ್ ಹದಿನಾರರಲ್ಲಿ ಒಂದು ಸಲ. ಅಟ್ಯಾಕ್ ಸರಿಹೊಂದುವುದು ಎರಡರಲ್ಲಿ ಒಂದು ಸಲ. ಗುಣಿಸಿದರೆ 64ರಲ್ಲಿ ಒಂದು. 8,192ರಿಂದ ಒಮ್ಮೆಲೇ 64ಕ್ಕೆ!

ಹಾಗಾದರೆ ಎರಡು ಶೈನಿಗಳನ್ನೇ ಜೋಡಿ ಮಾಡಿದರೆ ಇನ್ನೂ ಬೇಗ ಆಗಬೇಕಲ್ಲ? ಇಲ್ಲೇ ಆಟ ಜಾಣತನ ತೋರಿಸುತ್ತದೆ. ಎರಡರ ಡಿಫೆನ್ಸ್ ಅಂಕಿಯೂ ಒಂದೇ ಆಗಿ, ಸ್ಪೆಷಲ್ ಕೂಡ ಒಂದೇ ಆಗಿದ್ದರೆ ಅಥವಾ ಎಂಟರಷ್ಟೇ ಬೇರೆಯಾಗಿದ್ದರೆ, ಅವನ್ನು ಆಟ ರಕ್ತಸಂಬಂಧಿಗಳೆಂದು ಎಣಿಸುತ್ತದೆ. ಮೊಟ್ಟೆ ಬರುವುದೇ ಇಲ್ಲ. ಎಲ್ಲ ಶೈನಿಗಳಿಗೂ ಡಿಫೆನ್ಸ್ 10, ಸ್ಪೆಷಲ್ 10. ಆದ್ದರಿಂದ ಎಲ್ಲೋ ಹುಟ್ಟಿದ, ಎಂದೂ ಭೇಟಿಯಾಗದ ಎರಡು ಶೈನಿಗಳೂ ಈ ಆಟದ ಕಣ್ಣಿಗೆ ಅಣ್ಣ ತಂಗಿ. ತಂದೆಯನ್ನೂ ಮಗಳನ್ನೂ ಜೋಡಿ ಮಾಡದಂತೆ ತಡೆಯಲು ಹಾಕಿದ ನಿಯಮ, ಬಂಧು ಬಳಗವನ್ನೇ ನೆನಪಿಟ್ಟುಕೊಳ್ಳದೆ ಬರೀ ಎರಡು ಅಂಕಿ ನೋಡಿ ಕೆಲಸ ಮಾಡುತ್ತದೆ. ಗೇಮ್ ಬಾಯ್‌ನ ಪುಟ್ಟ ಜಾಗದಲ್ಲಿ ವಂಶವೃಕ್ಷ ಬರೆದಿಡಲು ಆಗುತ್ತಿರಲಿಲ್ಲ.

ಇನ್ನೊಂದು ತಮಾಷೆ. ಎಂಟರಲ್ಲಿ ಏಳು ಗಂಡೇ ಆಗುವ ಜಾತಿಗಳಿವೆ, ಈವೀ ಥರದವು. ಅವು ಹೆಣ್ಣಾಗಲು ಅಟ್ಯಾಕ್ ಅಂಕಿ 0 ಅಥವಾ 1 ಇರಬೇಕು. ಶೈನಿ ಪಟ್ಟಿಯಲ್ಲಿ ಆ ಎರಡೂ ಇಲ್ಲ. ಹಾಗಾಗಿ ಆ ಆಟಗಳಲ್ಲಿ ಶೈನಿ ಹೆಣ್ಣು ಈವೀ ಹುಟ್ಟುವುದೇ ಸಾಧ್ಯವಿಲ್ಲ. ಯಾರಾದರೂ ತನ್ನ ಬಳಿ ಇದೆ ಅಂದರೆ ಅದು ಕೃತಕವಾಗಿ ಮಾಡಿದ್ದು ಅಂತ ನೋಡದೆಯೇ ಹೇಳಬಹುದು.

ಅದೃಷ್ಟವೋ ನಿಯಮವೋ

ಇಂಥ ಸಂಶೋಧನೆಯಲ್ಲಿ ದೊಡ್ಡ ತೊಡಕು ಜನರ ನೆನಪು. ಮುನ್ನೂರನೇ ಮೊಟ್ಟೆಗೇ ಶೈನಿ ಸಿಕ್ಕವನು ಊರಿಗೆಲ್ಲ ಹೇಳುತ್ತಾನೆ. ಒಂಬತ್ತು ಸಾವಿರ ಒಡೆಸಿ ಕೈ ಬಿಟ್ಟವನು ಸುಮ್ಮನಾಗುತ್ತಾನೆ. ನಮಗೆ ಕೇಳಿಸುವುದು ಗೆದ್ದವರ ಕತೆ ಮಾತ್ರ. ಚೆಂಡು ಎಸೆಯುವಾಗ ಕೆಳಗಿನ ಬಾಣ ಮತ್ತು ಬಿ ಬಟನ್ ಒಟ್ಟಿಗೆ ಒತ್ತಿದರೆ ಪೊಕೆಮಾನ್ ಬೇಗ ಸಿಕ್ಕಿಬೀಳುತ್ತದೆ ಅನ್ನುವ ನಂಬಿಕೆ ಜಗತ್ತಿನ ಅರ್ಧ ಮಕ್ಕಳಲ್ಲಿ ಇತ್ತು. ಅದು ಬೆಳೆದಿದ್ದೂ ಹೀಗೇ. ಒತ್ತಿ ಸಿಕ್ಕಿದ್ದು ನೆನಪಿರುತ್ತದೆ, ಒತ್ತಿಯೂ ತಪ್ಪಿಸಿಕೊಂಡಿದ್ದು ಮರೆತುಹೋಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ: 8,192ರಲ್ಲಿ ಒಂದು ಅಂದರೆ 8,192 ಮೊಟ್ಟೆಗೆ ಒಂದು ಸಿಕ್ಕೇ ಸಿಗುತ್ತದೆ ಅನ್ನುವುದು. ಅಷ್ಟು ಒಡೆಸಿದರೂ ಒಂದೂ ಸಿಗದೆ ಹೋಗುವ ಸಾಧ್ಯತೆ ನೂರಕ್ಕೆ 37. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಬರಿಗೈಯಲ್ಲಿ ಉಳಿಯುತ್ತಾರೆ.

ಹಾಗಾದರೆ ಎಷ್ಟು ಮೊಟ್ಟೆ ಸಾಕು? ಅದು ಪ್ರಶ್ನೆಯ ಮೇಲೆ ನಿಂತಿದೆ. ಎವರ್‌ಸ್ಟೋನ್ ಅನ್ನುವ ಕಲ್ಲು ತೆಗೆದುಕೊಳ್ಳಿ. ಅದನ್ನು ಹಿಡಿದ ಪೊಕೆಮಾನ್ ರೂಪ ಬದಲಿಸಿಕೊಳ್ಳುವುದಿಲ್ಲ ಅಂತ ಆಟ ಹೇಳುತ್ತದೆ, ಅಷ್ಟೇ. ಆದರೆ 2004ರ ಎಮರಾಲ್ಡ್ ಆಟದಲ್ಲಿ ತಾಯಿಯ ಕೈಯಲ್ಲಿ ಈ ಕಲ್ಲಿದ್ದರೆ ಅರ್ಧ ಸಲ ಅವಳ ನೇಚರ್ ಮರಿಗೂ ಬರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಕಲ್ಲಿನ ಪ್ರಭಾವ ಇಲ್ಲದಿದ್ದರೆ ತಾಯಿಯ ನೇಚರ್ ಬರುವುದು 25ರಲ್ಲಿ ಒಂದು ಸಲ. ಹತ್ತು ಮೊಟ್ಟೆ ಒಡೆಸಿ ಐದರಲ್ಲಿ ಅದೇ ನೇಚರ್ ಬಂದರೆ, ಅದು ಬರೀ ಅದೃಷ್ಟದಿಂದ ಆಗುವುದು ಲಕ್ಷಕ್ಕೆ ಎರಡು ಸಲ. ಹತ್ತೇ ಮೊಟ್ಟೆ ಸಾಕು, ನಿಯಮ ಇದೆ ಅಂತ ಧೈರ್ಯವಾಗಿ ಹೇಳಬಹುದು.

ಆದರೆ ನಿಯಮ ಇದೆ ಅನ್ನುವುದು ಬೇರೆ, ಅದರ ನಿಖರ ಅಂಕಿ ಬೇರೆ. ಕಲ್ಲು ಕೆಲಸ ಮಾಡದ ಇನ್ನರ್ಧ ಸಲದಲ್ಲೂ 25ರಲ್ಲಿ ಒಮ್ಮೆ ಅದೇ ನೇಚರ್ ತಾನಾಗಿ ಬೀಳುತ್ತದೆ. ಹಾಗಾಗಿ ಎಣಿಸಿದರೆ ಸಿಗುವುದು 50 ಅಲ್ಲ, 52. ಈ ಎರಡರ ವ್ಯತ್ಯಾಸ ಹಿಡಿಯಲು ಸುಮಾರು 2,500 ಮೊಟ್ಟೆ ಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೇ ಆಟಗಾರರು ತಮ್ಮ ತಮ್ಮ ಎಣಿಕೆಗಳನ್ನು ಒಂದು ಕಡೆ ಕೂಡಿಸುವುದನ್ನು ಕಲಿತರು. ಹಾಗೆ ಕೂಡಿಸುವಾಗ ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದೇ. ಶುರು ಮಾಡುವ ಮೊದಲೇ ಎಷ್ಟು ಮೊಟ್ಟೆ ಅಂತ ನಿರ್ಧರಿಸಬೇಕು, ಸಿಕ್ಕಿದ್ದೂ ಸಿಗದಿದ್ದೂ ಎಲ್ಲವನ್ನೂ ಬರೆಯಬೇಕು. ಶೈನಿ ಸಿಕ್ಕ ಕೂಡಲೇ ನಿಲ್ಲಿಸಿ ಲೆಕ್ಕ ಕೊಟ್ಟರೆ ಸರಾಸರಿ ಕೆಡುತ್ತದೆ.

ಶೈನಿಯಂಥ ಅಪರೂಪದ ವಿಷಯದಲ್ಲಿ ಎಣಿಕೆ ಬೇಗ ಸೋಲುತ್ತದೆ. 2006ರ ಡೈಮಂಡ್ ಮತ್ತು ಪರ್ಲ್‌ನಲ್ಲಿ ಬೇರೆ ಬೇರೆ ಭಾಷೆಯ ಆಟಗಳಿಂದ ಬಂದ ಎರಡು ಪೊಕೆಮಾನ್ ಜೋಡಿಯಾದರೆ ಶೈನಿ ಮರಿಯ ಸಾಧ್ಯತೆ ಏರುತ್ತದೆ. ಈ ಸುಳಿವು ಕೊಟ್ಟಿದ್ದು ಆ ಆಟದ ನಿರ್ದೇಶಕ ಜುನಿಚಿ ಮಸುದಾ ಅವರೇ, ತಮ್ಮ ಅಂಕಣದಲ್ಲಿ. ಅದಕ್ಕೇ ಅದಕ್ಕೆ ಮಸುದಾ ವಿಧಾನ ಅನ್ನುವ ಹೆಸರು. ಒಳಗೆ ನಡೆಯುವುದು ಇಷ್ಟು: ಮರಿ ಶೈನಿ ಅಲ್ಲದಿದ್ದರೆ ಆಟ ಇನ್ನೂ ನಾಲ್ಕು ಸಲ ದಾಳ ಉರುಳಿಸುತ್ತದೆ. ಒಟ್ಟು ಐದು ಅವಕಾಶ, ಅಂದರೆ ಸುಮಾರು 1,638ರಲ್ಲಿ ಒಂದು. ಬರೀ ಎಣಿಸಿ ಇದನ್ನು ತೋರಿಸಲು ಹೊರಟರೆ ಐದು ಸಾವಿರ ಮೊಟ್ಟೆ ಒಡೆಸಿದ ಮೇಲೂ ಮೂರು ಶೈನಿಯ ನಿರೀಕ್ಷೆ. ಆ ಮೂರೂ ಸುಮ್ನೆ ಅದೃಷ್ಟದಿಂದ ಬಂದಿರುವ ಸಾಧ್ಯತೆ ನೂರಕ್ಕೆ ಎರಡು ಮೂರು ಇದ್ದೇ ಇರುತ್ತದೆ. ಇಂಥ ಕಡೆ ಎಣಿಸುವುದನ್ನು ಬಿಟ್ಟು ಆಟದ ಕೋಡ್ ಓದುವವರ ಕಡೆ ತಿರುಗಬೇಕಾಯಿತು.

ಇದೇ ಆಟಗಳಲ್ಲಿ ಇಂಟರ್ನೆಟ್ ಮೂಲಕ ದೂರದೇಶದವರ ಜೊತೆ ಪೊಕೆಮಾನ್ ಬದಲಾಯಿಸಿಕೊಳ್ಳುವ ವ್ಯವಸ್ಥೆಯೂ ಮೊದಲ ಸಲ ಬಂತು. ಎರಡನ್ನೂ ಸೇರಿಸಿ ನೋಡಿದರೆ ಪರಭಾಷೆಯ ಡಿಟ್ಟೊಗೆ ಯಾಕೆ ಅಷ್ಟು ಬೇಡಿಕೆ ಬಂತು ಅಂತ ಗೊತ್ತಾಗುತ್ತದೆ. ಜಪಾನಿ ಡಿಟ್ಟೊ ಒಂದು ಕೈಗೆ ಬಂದರೆ ಅದನ್ನು ಎಲ್ಲ ಜೋಡಿಗೂ ಬಳಸಬಹುದಲ್ಲ.

ಬಗ್ ಒಂದರ ಪೋಸ್ಟ್‌ಮಾರ್ಟಂ

ಕೋಡ್ ಓದುವವರು ಅಂದೆ. ಪ್ರೆಟ್ ಅನ್ನುವ ಗುಂಪಿನವರು ಹಳೆಯ ಪೊಕೆಮಾನ್ ಆಟಗಳನ್ನು ಯಂತ್ರಭಾಷೆಯಿಂದ ಮನುಷ್ಯರು ಓದುವ ಕೋಡ್‌ಗೆ ವಾಪಸ್ ತಂದಿದ್ದಾರೆ. ಅದರಲ್ಲಿ ಎಮರಾಲ್ಡ್‌ನ ಒಂದು ಪುಟ್ಟ ತಪ್ಪು ಇದೆ. ಬಿಡಿಸಿ ನೋಡುವಷ್ಟು ಸೊಗಸಾದ ತಪ್ಪು.

ಮರಿ ತನ್ನ ಆರು ಐವಿಗಳಲ್ಲಿ ಮೂರನ್ನು ತಂದೆ ತಾಯಿಯಿಂದ ಪಡೆಯಬೇಕು, ಉಳಿದ ಮೂರು ಹೊಸದಾಗಿ ಬೀಳಬೇಕು. ಆಟ ಮಾಡಿದವರ ಉದ್ದೇಶ ಅದೇ. ಅದಕ್ಕೆ ಆರು ಶಕ್ತಿಗಳ ಒಂದು ಪಟ್ಟಿ. ಎಚ್‌ಪಿ ಮೊದಲು, ಆಮೇಲೆ ಅಟ್ಯಾಕ್, ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್. ಪಟ್ಟಿಯಿಂದ ಒಂದನ್ನು ಎತ್ತು. ಎತ್ತಿದ್ದನ್ನು ಪಟ್ಟಿಯಿಂದ ತೆಗೆ. ಮತ್ತೆ ಎತ್ತು. ಹೀಗೆ ಮೂರು ಸಲ.

ತಪ್ಪಾಗಿದ್ದು ತೆಗೆಯುವಲ್ಲಿ. ಎತ್ತಿದ ಶಕ್ತಿಯನ್ನು ತೆಗೆಯುವ ಬದಲು, ಇದು ಎಷ್ಟನೇ ಸುತ್ತೋ ಆ ಸ್ಥಾನದಲ್ಲಿ ಇರುವುದನ್ನು ಕೋಡ್ ತೆಗೆಯುತ್ತದೆ. ಮೊದಲ ಸುತ್ತು ಮುಗಿದ ಮೇಲೆ ಪಟ್ಟಿಯ ಮೊದಲನೆಯದು ಹೋಗುತ್ತದೆ, ಅಂದರೆ ಎಚ್‌ಪಿ. ಈಗ ಪಟ್ಟಿಯಲ್ಲಿ ಉಳಿದಿದ್ದು ಅಟ್ಯಾಕ್, ಡಿಫೆನ್ಸ್ ಮತ್ತು ಇತರೆ. ಎರಡನೇ ಸುತ್ತಿನ ಮೇಲೆ ಎರಡನೆಯದು ಹೋಗುತ್ತದೆ, ಅಂದರೆ ಡಿಫೆನ್ಸ್.

ಫಲ ನೋಡಿ. ಎಚ್‌ಪಿಗೆ ಸಿಗುವುದು ಮೊದಲ ಸುತ್ತು ಮಾತ್ರ, ಆರರಲ್ಲಿ ಒಂದು ಅವಕಾಶ. ಡಿಫೆನ್ಸ್‌ಗೆ ಎರಡು ಸುತ್ತು, ಲೆಕ್ಕ ಹಾಕಿದರೆ ಮೂರರಲ್ಲಿ ಒಂದು. ಉಳಿದ ನಾಲ್ಕಕ್ಕೆ ಎರಡರಲ್ಲಿ ಒಂದು. ಜೊತೆಗೆ ಒಂದೇ ಶಕ್ತಿ ಎರಡು ಮೂರು ಸಲ ಎತ್ತಲ್ಪಡಬಹುದು, ಯಾಕೆಂದರೆ ಎತ್ತಿದ್ದು ಪಟ್ಟಿಯಲ್ಲೇ ಉಳಿದಿದೆ. ಹಾಗಾಗಿ ಎಷ್ಟೋ ಮರಿಗಳಿಗೆ ಮೂರರ ಬದಲು ಎರಡೇ ಐವಿ ಇಳಿಯುತ್ತದೆ. ಎಲ್ಲದರಲ್ಲೂ 31 ಇರುವ ತಂದೆ ತಾಯಿ ಇದ್ದರೂ ಎಚ್‌ಪಿ ಮಾತ್ರ ಮರಿಗೆ ಬರಲು ಯಾಕೆ ಅಷ್ಟು ಹಟ ಮಾಡುತ್ತದೆ ಅನ್ನುವ ಗೊಣಗಾಟಕ್ಕೆ ಇದು ಉತ್ತರ.

ಕೋಡ್ ನೋಡದೆಯೂ ಇದನ್ನು ಕಂಡುಹಿಡಿಯಬಹುದು. ತಂದೆಗೆ ಆರಕ್ಕೆ ಆರೂ 31, ತಾಯಿಗೆ ಆರಕ್ಕೆ ಆರೂ 0 ಇರುವ ಜೋಡಿ ಹಾಕಿದರೆ ಆಯಿತು. ಮರಿಯಲ್ಲಿ 31 ಕಂಡರೆ ತಂದೆಯದು, 0 ಕಂಡರೆ ತಾಯಿಯದು, ನಡುವಿನದು ಹೊಸದು. ಹೊಸದಾಗಿ ಬಿದ್ದ ಅಂಕಿಯೇ 0 ಅಥವಾ 31 ಆಗುವುದು 32ರಲ್ಲಿ ಎರಡು ಸಲ, ಅಷ್ಟು ಕಳೆದರೆ ಸಾಕು. ನೂರು ಮರಿಗಳಲ್ಲಿ ಎಚ್‌ಪಿಯ ಸಾಲು ಉಳಿದವಕ್ಕಿಂತ ಬಡವಾಗಿರುವುದು ಕಣ್ಣಿಗೇ ಹೊಡೆಯುತ್ತದೆ. ಏನೋ ಎರಡು ಒಳ್ಳೆಯ ಪೊಕೆಮಾನ್ ಜೋಡಿ ಮಾಡಿ ನೋಡೋಣ ಅಂತ ಹೊರಟವರಿಗೆ ಸಾವಿರ ಮರಿಯಲ್ಲೂ ಇದು ಕಾಣುವುದಿಲ್ಲ. ಪೋಷಕರ ಆಯ್ಕೆಯೇ ಅರ್ಧ ಪ್ರಯೋಗ.

ಆಮೇಲೆ ನಿಯಮಗಳು ಆಟಗಾರರ ಕಡೆಗೆ ವಾಲುತ್ತಾ ಬಂದವು. ಬ್ಲ್ಯಾಕ್ 2 ಮತ್ತು ವೈಟ್ 2ರಿಂದ ಎವರ್‌ಸ್ಟೋನ್ ನೂರಕ್ಕೆ ನೂರು ಕೆಲಸ ಮಾಡತೊಡಗಿತು. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಡೆಸ್ಟಿನಿ ನಾಟ್ ಅನ್ನುವ ಕೆಂಪು ದಾರ ಹಿಡಿಸಿದರೆ ಮೂರರ ಬದಲು ಐದು ಐವಿ ಇಳಿಯುತ್ತವೆ. ವಸ್ತುವಿನ ವಿವರಣೆಯಲ್ಲಿ ಇರುವುದು ಮಾತ್ರ ಯುದ್ಧದಲ್ಲಿ ಪ್ರೇಮಕ್ಕೆ ಬಿದ್ದರೆ ಎದುರಾಳಿಯೂ ಬೀಳುತ್ತದೆ ಅನ್ನುವ ಸಂಗತಿ. ಮೊಟ್ಟೆಯ ಸುದ್ದಿಯೇ ಇಲ್ಲ. ಅದೇ ಆಟದಲ್ಲಿ ಯಾರ ಜೊತೆ ಅಂತ ಗೊತ್ತಿಲ್ಲದೆ ಪೊಕೆಮಾನ್ ಬದಲಾಯಿಸಿಕೊಳ್ಳುವ ವಂಡರ್ ಟ್ರೇಡ್ ಇತ್ತು. ಬ್ರೀಡಿಂಗ್ ಮಾಡುವವರು ತಮಗೆ ಬೇಡವಾದ, ಆದರೆ ನಾಲ್ಕೈದು ಪರ್ಫೆಕ್ಟ್ ಐವಿ ಇರುವ ಮರಿಗಳನ್ನು ಅಲ್ಲಿಗೆ ತುಂಬಿಸಿದರು. ಏನೂ ಅರಿಯದ ಮಕ್ಕಳ ಕೈಗೆ ಪಂದ್ಯ ಗೆಲ್ಲುವ ಪೊಕೆಮಾನ್‌ಗಳು ಬಂದು ಬಿದ್ದವು.

ಅದೇ ಕಾಲದ ಇನ್ನೊಂದು ವಿಚಿತ್ರ ವ್ಯವಹಾರ ಹೇಳಲೇಬೇಕು. ಎಕ್ಸ್ ಮತ್ತು ವೈನಲ್ಲಿ ಶೈನಿ ಸಾಧ್ಯತೆ 4,096ರಲ್ಲಿ ಒಂದಕ್ಕೆ ಬಂತು. ಪ್ರತಿ ಮೊಟ್ಟೆಗೂ 0ಯಿಂದ 4095ರೊಳಗೆ ಒಂದು ಗುಪ್ತ ಸಂಖ್ಯೆ. ಪ್ರತಿ ಆಟಗಾರನಿಗೂ ಅಂಥದೇ ಒಂದು. ಎರಡೂ ಬೀಗ ಕೀಲಿಯಂತೆ ಕೂಡಿದರೆ ಮೊಟ್ಟೆ ಶೈನಿಯಾಗಿ ಒಡೆಯುತ್ತದೆ. ಅಂದರೆ ನನ್ನ ಕೈಯಲ್ಲಿ ಸಾಧಾರಣವಾಗಿ ಒಡೆಯುವ ಮೊಟ್ಟೆ ನಿಮ್ಮ ಕೈಯಲ್ಲಿ ಹೊಳೆಯಬಹುದು. ಆಟ ಈ ಸಂಖ್ಯೆಗಳನ್ನು ಎಲ್ಲೂ ತೋರಿಸುವುದಿಲ್ಲ. ಆದರೆ ವೈ-ಫೈನಲ್ಲಿ ಓಡಾಡುವ ಮಾಹಿತಿಯಿಂದ ಅದನ್ನು ಹೆಕ್ಕುವ ಸಾಧನಗಳು ಹುಟ್ಟಿಕೊಂಡವು. ಕಂಪನಿ ಅಪ್‌ಡೇಟ್ ಹಾಕಿ ಆ ಬಾಗಿಲು ಮುಚ್ಚಿತು. ಆಟಗಾರರು ಉಳಿಸಿಟ್ಟ ಯುದ್ಧದ ವಿಡಿಯೊಗಳಿಂದ ಅದನ್ನೇ ಹೆಕ್ಕುವ ದಾರಿ ಹುಡುಕಿದರು. ಆಮೇಲೆ ನಡೆದಿದ್ದು ವಿನಿಮಯ. ಮೊಟ್ಟೆಯ ಸಂಖ್ಯೆ ಇದು, ಈ ಸಂಖ್ಯೆಯವರು ಯಾರಿದ್ದೀರಿ ಅಂತ ಕೇಳುವುದು. ಗೊತ್ತಿಲ್ಲದ ಯಾರೋ ಬಂದು ನಿಮ್ಮ ಮೊಟ್ಟೆ ತೆಗೆದುಕೊಂಡು, ಅದನ್ನು ಒಡೆಸಿ, ಶೈನಿ ಮರಿಯನ್ನು ವಾಪಸ್ ಕೊಡುತ್ತಿದ್ದರು. ಪುಕ್ಕಟೆಯಾಗಿ. ಮೋಸ ಮಾಡಲು ಇಷ್ಟು ಸುಲಭವಾದ ಕಡೆ ಬರೀ ನಂಬಿಕೆಯ ಮೇಲೆ ಇದು ನಡೆಯಿತು ಅನ್ನುವುದು ನನಗೆ ಗಣಿತಕ್ಕಿಂತ ದೊಡ್ಡ ಅಚ್ಚರಿ.

ದಾಳವನ್ನೇ ಓದಿದವರು

ಕಂಪ್ಯೂಟರಿನ ದಾಳ ನಿಜವಾದ ದಾಳ ಅಲ್ಲ. ಒಂದು ಸಂಖ್ಯೆಯಿಂದ ಸೂತ್ರ ಹಾಕಿ ಮುಂದಿನ ಸಂಖ್ಯೆ ಹುಟ್ಟಿಸುತ್ತದೆ. ಎಮರಾಲ್ಡ್‌ನ ಸೂತ್ರ ಇಷ್ಟೇ: ಈಗಿನ ಸಂಖ್ಯೆಯನ್ನು 1103515245ರಿಂದ ಗುಣಿಸಿ, 24691 ಕೂಡಿಸಿ, ಕೊನೆಯ 32 ಬಿಟ್ (0 ಅಥವಾ 1ರ ಅಂಕಿಗಳು) ಇಟ್ಟುಕೊ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಪ್ರತಿ ಸಲ ಬದಲಾಗಬೇಕು. ಎಮರಾಲ್ಡ್‌ನಲ್ಲಿ ಅದು ಬದಲಾಗುವುದಿಲ್ಲ. ಆಟ ಆನ್ ಮಾಡಿದಾಗಲೆಲ್ಲ ಶುರು ಸೊನ್ನೆಯಿಂದಲೇ, ಮುಂದಿನದು 24691, ಅಲ್ಲಿಂದ ಮುಂದೆ ಎಲ್ಲವೂ ಮೊದಲೇ ಬರೆದಿಟ್ಟ ಹಾಗೆ. ಸೂತ್ರ ಸೆಕೆಂಡಿಗೆ ಸುಮಾರು 60 ಸಲ ಮುಂದೆ ಓಡುತ್ತದೆ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಬೇಕಾದ ಮರಿ. ಜನ ಟೈಮರ್ ಇಟ್ಟುಕೊಂಡು ಸೆಕೆಂಡಿನ ಅರುವತ್ತನೇ ಒಂದು ಭಾಗಕ್ಕೆ ಬೆರಳು ಪಳಗಿಸಿದರು.

ಇದು ಮೋಸವೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆಟದ ಒಳಗಿನ ಮಾಹಿತಿಯನ್ನು ತಿದ್ದಿ ಪೊಕೆಮಾನ್ ಸೃಷ್ಟಿಸುವುದಕ್ಕೂ ಇದಕ್ಕೂ ಅಜಗಜಾಂತರ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಆಟಗಾರ ಆಟಕ್ಕೆ ಏನನ್ನೂ ಮಾಡುವುದಿಲ್ಲ. ಯಾವಾಗ ಕೈ ಚಾಚಬೇಕು ಅಂತ ಮಾತ್ರ ತಿಳಿದುಕೊಂಡಿರುತ್ತಾನೆ.

ಸನ್ ಮತ್ತು ಮೂನ್ ಬಂದಾಗ ಮೊಟ್ಟೆಗಳ ದಾಳ ಗಟ್ಟಿಯಾಯಿತು. ಹಿರೋಷಿಮಾ ವಿಶ್ವವಿದ್ಯಾಲಯದ ಮುತ್ಸುವೊ ಸೈಟೊ ಮತ್ತು ಮಕೊಟೊ ಮಾತ್ಸುಮೊಟೊ ರೂಪಿಸಿದ ಟೈನಿ ಎಂಟಿ ಅನ್ನುವ, ಸಂಖ್ಯೆ ಹುಟ್ಟಿಸುವ ಸೂತ್ರದ ಯಂತ್ರ. ಅದರೊಳಗಿನ ಸ್ಥಿತಿ 127 ಬಿಟ್. ಎಲ್ಲ ಸ್ಥಿತಿಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತೇನೆ ಅಂದರೆ ಸೂರ್ಯ ಆರಿದರೂ ಮುಗಿಯುವುದಿಲ್ಲ.

ಇಲ್ಲಿ ಬರುತ್ತದೆ ಮ್ಯಾಜಿಕಾರ್ಪ್. ಎರಡು ಮ್ಯಾಜಿಕಾರ್ಪ್ ತೆಗೆದುಕೊಳ್ಳಿ, ಬೇರೆ ಬೇರೆ ನೇಚರ್‌ನವು. ಎರಡಕ್ಕೂ ಎವರ್‌ಸ್ಟೋನ್ ಹಿಡಿಸಿ. ಈಗ ಮರಿಯ ನೇಚರ್ ತಂದೆಯದು ಇಲ್ಲವೇ ತಾಯಿಯದು, ಮೂರನೆಯದು ಸಾಧ್ಯವೇ ಇಲ್ಲ. ಯಾವುದು ಅನ್ನುವುದನ್ನು ಯಂತ್ರದ ಒಂದು ಬಿಟ್ ನಿರ್ಧರಿಸುತ್ತದೆ. ತಂದೆಯದಾದರೆ 0, ತಾಯಿಯದಾದರೆ 1. ಒಂದು ಮರಿ, ಒಂದು ಬಿಟ್. ಐವಿ ಅಳೆಯುವ ರಗಳೆ ಇಲ್ಲ, ಅಂದಾಜು ಇಲ್ಲ, ನೂರಕ್ಕೆ ಎಷ್ಟು ಅನ್ನುವ ಮಾತೂ ಇಲ್ಲ. ಪರದೆಯಲ್ಲಿ ಕಾಣುವ ಒಂದು ಪದ ನೋಡಿ ಬರೆದುಕೊಂಡರೆ ಆಯಿತು.

ಟೈನಿ ಎಂಟಿಯಲ್ಲಿ ಹೊರಬರುವ ಆ ಬಿಟ್, ಒಳಗಿನ 127 ಬಿಟ್‌ಗಳಲ್ಲಿ ಕೆಲವನ್ನು ಆರಿಸಿ ಅವುಗಳಲ್ಲಿ ಎಷ್ಟು ಒಂದುಗಳಿವೆ, ಆ ಎಣಿಕೆ ಸಮವೋ ಬೆಸವೋ ಅಂತ ನೋಡಿದ ಫಲ. ಹಾಗಾಗಿ ಪ್ರತಿ ಮರಿಯೂ ಒಂದು ಸಮೀಕರಣ. ಯಾವ ಮರಿ ಯಂತ್ರದ ಯಾವ ಹಂತದಲ್ಲಿ ಹುಟ್ಟಿತು ಅಂತ ತಿಳಿದಿದ್ದರೆ, 127 ಅಜ್ಞಾತಗಳಿಗೆ 127 ಸಮೀಕರಣ. ಹೈಸ್ಕೂಲಿನಲ್ಲಿ ಎಕ್ಸ್ ಮತ್ತು ವೈ ಬಿಡಿಸಿದ ವಿಧಾನವೇ ಇಲ್ಲೂ, ಸ್ವಲ್ಪ ಉದ್ದ ಅಷ್ಟೇ. ಕಂಪ್ಯೂಟರಿಗೆ ಕಣ್ಣುಮಿಟುಕಿಸುವಷ್ಟು ಕೆಲಸ. ಆಟಗಾರನಿಗೆ ಮಾತ್ರ 127 ಮೀನುಗಳನ್ನು ಕ್ರಮ ತಪ್ಪದಂತೆ ಒಡೆಸುವ ಕೆಲಸ. ನೂರನೆಯದರಲ್ಲಿ 0ಯ ಬದಲು 1 ಬರೆದರೆ ಇಡೀ ಲೆಕ್ಕ ಹಾಳು. ಬೇಗ ಒಡೆಯುವ ಮೊಟ್ಟೆಯೇ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತಲ್ಲ.

ಸ್ಥಿತಿ ಗೊತ್ತಾದ ಮೇಲೆ ಮುಂದೆ ಬರುವ ಮೊಟ್ಟೆಗಳ ಪಟ್ಟಿಯೇ ಕೈಯಲ್ಲಿ. ಎಷ್ಟನೆಯದು ಶೈನಿ, ಅದರ ನೇಚರ್ ಏನು, ಐವಿ ಏನು, ಎಲ್ಲ. ಕೊಟ್ಟ ಮೊಟ್ಟೆಯನ್ನು ತೆಗೆದುಕೊಂಡರೆ ಯಂತ್ರ ಹಲವು ಹೆಜ್ಜೆ ಮುಂದೆ ಹೋಗುತ್ತದೆ. ಬೇಡ ಅಂದರೆ ಒಂದೇ ಹೆಜ್ಜೆ. ತಗೊಳ್ಳುವುದು, ಬೇಡ ಅನ್ನುವುದು ಈ ಎರಡರಿಂದಲೇ ಬೇಕಾದ ಜಾಗಕ್ಕೆ ಹೋಗಿ ನಿಲ್ಲಬಹುದು. ಬೆರಳಿನ ಕಸರತ್ತೂ ಬೇಡ.

ಈಗ ಪಂದ್ಯಕ್ಕೆ ಒಳ್ಳೆಯ ಪೊಕೆಮಾನ್ ಬೇಕಾದರೆ ಇಷ್ಟೆಲ್ಲ ಒದ್ದಾಡಬೇಕಿಲ್ಲ. ಸನ್ ಮತ್ತು ಮೂನ್‌ನಲ್ಲೇ ಲೆವೆಲ್ 100 ಮುಟ್ಟಿದವಕ್ಕೆ ಬಾಟಲ್ ಕ್ಯಾಪ್ ಕೊಟ್ಟು ಐವಿಯ ಕೊರತೆ ತುಂಬುವ ವ್ಯವಸ್ಥೆ ಬಂತು. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ನೇಚರ್‌ನ ಪರಿಣಾಮ ಬದಲಿಸುವ ಮಿಂಟ್ ಎಲೆ ಬಂತು. ಶೈನಿಗಾಗಿ ಮಾತ್ರ ಜನ ಇನ್ನೂ ಮೊಟ್ಟೆ ಹೊರುತ್ತಾರೆ. 2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ಡೇ ಕೇರ್ ಅಜ್ಜನೇ ಇಲ್ಲ. ಪೊಕೆಮಾನ್‌ಗಳನ್ನು ಪಿಕ್‌ನಿಕ್‌ಗೆ ಕರೆದೊಯ್ದರೆ ಮೊಟ್ಟೆ ಬುಟ್ಟಿಗೆ ಬೀಳುತ್ತದೆ, ಬುಟ್ಟಿಯಲ್ಲಿ ಒಮ್ಮೆಗೆ ಹತ್ತು ಹಿಡಿಸುತ್ತದೆ. ಅಲ್ಲಿ ತಿನ್ನುವ ಸ್ಯಾಂಡ್‌ವಿಚ್‌ನಿಂದ ಸಿಗುವ ಎಗ್ ಪವರ್‌ಗೆ ಮೂರು ಮಟ್ಟಗಳಿವೆ, ಅರ್ಧ ಗಂಟೆ ಕೆಲಸ ಮಾಡುತ್ತದೆ. ಮೊಟ್ಟೆ ಬೇಗ ಸಿಗುತ್ತದೆ ಅಂತ ಆಟ ಹೇಳುತ್ತದೆ. ಎಷ್ಟು ಬೇಗ ಅಂತ ಹೇಳುವುದಿಲ್ಲ, ಹಾಗಾಗಿ ಮೊದಲ ದಿನಗಳಲ್ಲೇ ಜನ ಗಡಿಯಾರ ಹಿಡಿದು ಬುಟ್ಟಿಯ ಪಕ್ಕ ಕೂತರು.